ಗುಮಾಸ್ತಗಿರಿ ಮಾಡುತ್ತಲೇ ಬಾಸ್ಟನ್ ಗೆದ್ದ ಕವಾವುಚಿ: ಅವರ ಹಾಗೆ ನಾವೂ ತಿಂಗಳಿಗೊಂದು ಮ್ಯಾರಥಾನ್ ಓಡಬಹುದಾ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ನಾಲ್ಕು ವರ್ಷದಿಂದ ಓಡುತ್ತಿದ್ದೇನೆ. ಎರಡು ಫುಲ್ ಮ್ಯಾರಥಾನ್ ಮುಗಿಸಿದ್ದೇನೆ, ಒಳ್ಳೆಯ ಟೈಮಿಂಗ್ 4 ಗಂಟೆ 20 ನಿಮಿಷ. ಜಪಾನಿನ ಒಬ್ಬ ಸರ್ಕಾರಿ ಗುಮಾಸ್ತರು ಕೋಚ್ ಇಲ್ಲದೆ, ಕಂಪನಿಯ ಬೆಂಬಲ ಇಲ್ಲದೆ, ಸುಮ್ನೆ ಮೇಲಿಂದ ಮೇಲೆ ಮ್ಯಾರಥಾನ್ ಓಡಿ ಓಡಿಯೇ ಬಾಸ್ಟನ್ ಗೆದ್ದರು ಅಂತ ನಮ್ಮ ಗುಂಪಿನಲ್ಲಿ ಒಬ್ಬರು ಹೇಳಿದರು. ಇದು ನಿಜವೇ? ಅವರ ಹಾಗೆ ನಾನೂ ತಿಂಗಳಿಗೊಂದು ಫುಲ್ ಓಡಿದರೆ 4 ಗಂಟೆಯ ಒಳಗೆ ಬರಬಹುದಾ?

ಉತ್ತರ: ನಿಜ. ಅವರ ಹೆಸರು ಯೂಕಿ ಕವಾವುಚಿ. 2018ರ ಏಪ್ರಿಲ್ 16ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಗೆದ್ದಾಗ ಅವರು ಸೈತಾಮಾ ಪ್ರಾಂತ್ಯದ ಸರ್ಕಾರಿ ನೌಕರರು. ಶಾಲೆಯೊಂದರ ಕಚೇರಿಯಲ್ಲಿ ಕೆಲಸ. ಇನ್ನು ನಿಮ್ಮ ಎರಡನೇ ಪ್ರಶ್ನೆ. ತಿಂಗಳಿಗೊಂದು ಫುಲ್ ಬೇಡ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು, ಆದರೆ ನಿಲ್ಲಿಸಲು ಮನಸ್ಸಿಲ್ಲ. ಬೆಳಿಗ್ಗೆ ಎದ್ದು ಓಡಿ, ಸ್ನಾನ ಮಾಡಿ, ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುವ ನಿಮ್ಮಂಥವರಿಗೆ ಈ ಮನುಷ್ಯನಿಂದ ಕಲಿಯಲು ಇರುವಷ್ಟು ಬೇರೆ ಯಾವ ದೊಡ್ಡ ಓಟಗಾರನಿಂದಲೂ ಇಲ್ಲ ಅಂತ ನಾನು ನಂಬಿದ್ದೇನೆ. ಮತ್ತೆ ಬಾಯಿಂದ ಬಾಯಿಗೆ ಬರುವ ಅವರ ಕಥೆಯಲ್ಲಿ ಮುಖ್ಯವಾದ ಭಾಗವೇ ಬಿಟ್ಟುಹೋಗಿರುತ್ತದೆ. ಅವರು ಜಾಸ್ತಿ ಓಡಿ ಗೆದ್ದವರು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ತಮ್ಮ ಮಟ್ಟದ ಓಟಗಾರರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಅವರು ಕಡಿಮೆ ಓಡಿ ಗೆದ್ದವರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಯಾಕಂದ್ರೆ ಅವರ ಪದ್ಧತಿ ಹುಟ್ಟಿದ್ದೇ ಒಂದು ಗಾಯದಿಂದ.

ಕವಾವುಚಿ ಹುಟ್ಟಿದ್ದು 1987ರ ಮಾರ್ಚ್ 5ರಂದು ಟೋಕಿಯೋದಲ್ಲಿ. ಬೆಳೆದದ್ದು ಪಕ್ಕದ ಸೈತಾಮಾದಲ್ಲಿ. ಚಿಕ್ಕಂದಿನಲ್ಲಿ ಓಡಿಸಿದವರು ಅಮ್ಮ. ಪಾರ್ಕಿಗೆ ಕರೆದುಕೊಂಡು ಹೋಗಿ, ಕೈಯಲ್ಲಿ ವಾಚ್ ಹಿಡಿದು, ದಿನಾ ಟೈಮ್ ತೆಗೆಯುತ್ತಿದ್ದರು. ಟೈಮ್ ಚೆನ್ನಾಗಿ ಬಂದರೆ ತಿನ್ನಲು ಏನಾದರೂ ಸಿಗುತ್ತಿತ್ತು, ಕೆಟ್ಟದಾದರೆ ಇನ್ನೂ ಕೆಲವು ಸುತ್ತು. ತಮ್ಮಂದಿರಿಬ್ಬರೂ ಹಾಗೆಯೇ ಓಡುತ್ತಾ ಬೆಳೆದರು. ಪ್ರೌಢಶಾಲೆಗೆ ಬಂದಾಗ ಅಲ್ಲಿಯೂ ಅದೇ ಬಿಗಿ, ದಿನಾ ಜೋರು, ದಿನಾ ಹಿಂಡುವ ತರಬೇತಿ. ದೇಹ ತಡೆಯಲಿಲ್ಲ. ಗಾಯದ ಮೇಲೆ ಗಾಯವಾಗಿ, ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳು ಕರೆಯುವಂಥ ಸಾಧನೆ ಏನೂ ಆಗಲಿಲ್ಲ.

ಹಾಗಾಗಿ ಅವರು ಸೇರಿದ್ದು ಟೋಕಿಯೋದ ಗಕುಶೂಯಿನ್ ವಿಶ್ವವಿದ್ಯಾಲಯ. ಓದಿಗೆ ಹೆಸರಾದ ಸಂಸ್ಥೆ, ಓಟಕ್ಕಲ್ಲ. ಅಲ್ಲಿ ಸಿಕ್ಕಿದ ತರಬೇತುದಾರರು ತ್ಸುದಾ ಅನ್ನುವವರು. ಅವರು ಮಾಡಿದ ಕೆಲಸ ತುಂಬ ಸರಳ. ವಾರಕ್ಕೆ ಎರಡೇ ದಿನ ಜೋರಾದ ಓಟ, ಉಳಿದ ದಿನ ನಿಧಾನದ ಜಾಗಿಂಗ್. ಅಷ್ಟೇ. ದಿನಾ ಎರಡು ಹೊತ್ತು ಬೆವರು ಸುರಿಸಬೇಕು ಅಂತ ನಂಬಿಕೊಂಡು ಬಂದ ಹುಡುಗನಿಗೆ ಇದು ಮೊದಮೊದಲು ಸಾಲದು ಅನ್ನಿಸಿರಬೇಕು. ಆದರೆ ಗಾಯ ನಿಂತಿತು. ಗಾಯ ನಿಂತ ಮೇಲೆ ತಿಂಗಳುಗಳು ತುಂಡಾಗದೆ ಒಂದರ ಮೇಲೊಂದು ಕೂಡಿಕೊಂಡವು, ವೇಗ ತಾನಾಗಿ ಬಂತು.

ಜಪಾನಿನ ಕಾಲೇಜು ಓಟಗಾರರಿಗೆಲ್ಲ ಒಂದೇ ಕನಸು, ಹಕೋನೆ ಎಕಿದೆನ್. ಎಕಿದೆನ್ ಅಂದರೆ ರಿಲೇ ಓಟ. ಕೋಲಿನ ಬದಲು ಒಂದು ಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಓಡಿ ಮುಂದಿನವರಿಗೆ ಕೊಡುತ್ತಾರೆ. ಹಕೋನೆ ಎಕಿದೆನ್ 1920ರಿಂದ ನಡೆಯುತ್ತಿದೆ. ಈಗ ಪ್ರತಿ ವರ್ಷ ಜನವರಿ 2 ಮತ್ತು 3ರಂದು. ಟೋಕಿಯೋದಿಂದ ಹಕೋನೆ ಬೆಟ್ಟದ ಮೇಲಿನ ಆಶಿ ಸರೋವರದವರೆಗೆ ಹೋಗಿ ಮರಳಿ ಬರುವುದು, ಹತ್ತು ಜನ, ಒಟ್ಟು 217 ಕಿಲೋಮೀಟರ್ ಹತ್ತಿರ. ಹೊಸ ವರ್ಷದ ರಜೆಯಲ್ಲಿ ಇಡೀ ದೇಶ ಟಿವಿ ಮುಂದೆ ಕೂತಿರುತ್ತದೆ. ಗಕುಶೂಯಿನ್ ತಂಡಕ್ಕೆ ಅರ್ಹತೆ ಸಿಗುವ ಮಾತೇ ಇರಲಿಲ್ಲ. ಆದರೆ ಅರ್ಹತೆ ಸಿಗದ ಕಾಲೇಜುಗಳ ಒಳ್ಳೆಯ ಓಟಗಾರರನ್ನು ಸೇರಿಸಿ ಒಂದು ಆಯ್ದ ತಂಡ ಮಾಡುತ್ತಾರೆ. ಕವಾವುಚಿ 2007ರಲ್ಲೂ 2009ರಲ್ಲೂ ಆ ತಂಡದಲ್ಲಿ ಓಡಿದರು. ಎರಡೂ ಸಲ ಆರನೇ ಹಂತ, ಅಂದರೆ ಬೆಟ್ಟ ಇಳಿಯುವ ಹಂತ. ಸುಮಾರು 21 ಕಿಲೋಮೀಟರ್, ಬಹುಪಾಲು ಇಳಿಜಾರು, ತೊಡೆಗಳು ಸುಟ್ಟುಹೋಗುವ ದಾರಿ. ಇದನ್ನು ನೆನಪಿಡಿ, ಬಾಸ್ಟನ್ ಬಗ್ಗೆ ಹೇಳುವಾಗ ಮತ್ತೆ ಬರುತ್ತದೆ.

ಕಾಲೇಜು ಮುಗಿದಾಗ ಅವರು ಹಿಡಿದ ದಾರಿ ಜಪಾನಿನ ಪದ್ಧತಿಗೆ ಪೂರ್ತಿ ಹೊರಗಿನದು. ಅಲ್ಲಿ ಒಳ್ಳೆಯ ಓಟಗಾರರು ಕಂಪನಿ ತಂಡ ಸೇರುತ್ತಾರೆ. ಹೋಂಡಾ, ಟೊಯೋಟಾ, ಅಸಾಹಿ ಕಾಸೇಯಿ, ಹೀಗೆ ದೊಡ್ಡ ದೊಡ್ಡ ಕಂಪನಿಗಳಿಗೆ ತಮ್ಮದೇ ಓಟದ ತಂಡಗಳಿವೆ. ಓಟಗಾರ ಹೆಸರಿಗೆ ನೌಕರ. ಸ್ವಲ್ಪ ಹೊತ್ತು ಕಚೇರಿ, ಉಳಿದದ್ದೆಲ್ಲ ಓಟ. ಇರಲು ಹಾಸ್ಟೆಲ್, ಊಟ, ಕೋಚ್, ಮಸಾಜ್, ಎತ್ತರದ ಜಾಗಗಳಲ್ಲಿ ಶಿಬಿರ, ಎಲ್ಲ ಕಂಪನಿಯದೇ. ಬದಲಿಗೆ ಜನವರಿ 1ರಂದು ನಡೆಯುವ ಕಂಪನಿಗಳ ಎಕಿದೆನ್‌ನಲ್ಲಿ ತಂಡಕ್ಕಾಗಿ ಓಡಬೇಕು. ನಮ್ಮಲ್ಲಿ ರೈಲ್ವೆ, ಸೇನೆ, ಪೊಲೀಸ್ ಕೋಟಾದಲ್ಲಿ ಕ್ರೀಡಾಪಟುಗಳು ಇರುವುದಿಲ್ಲವಾ, ಅದಕ್ಕಿಂತ ಇನ್ನೂ ಗಟ್ಟಿಯಾದ ವ್ಯವಸ್ಥೆ ಅಂದುಕೊಳ್ಳಿ. ಕವಾವುಚಿ ಅದನ್ನು ಬಿಟ್ಟು 2009ರಲ್ಲಿ ಸೈತಾಮಾ ಪ್ರಾಂತ್ಯದ ಸರ್ಕಾರಿ ನೌಕರಿಗೆ ಸೇರಿದರು. ಕಂಪನಿ ತಂಡದ ಬಿಗಿಗೆ ಹೋದರೆ ಪ್ರೌಢಶಾಲೆಯ ಕಥೆಯೇ ಮತ್ತೆ ಆಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು ಅಂತ ನನ್ನ ಅಂದಾಜು.

ಕೆಲಸ ಸಿಕ್ಕಿದ್ದು ಕಾಸುಕಾಬೆ ಪ್ರೌಢಶಾಲೆಯ ಕಚೇರಿಯಲ್ಲಿ. ಸಂಜೆ ತರಗತಿಗಳ ವಿಭಾಗ. ಹಾಗಾಗಿ ಕೆಲಸ ಮಧ್ಯಾಹ್ನ ಒಂದರ ಸುಮಾರಿಗೆ ಶುರುವಾಗಿ ರಾತ್ರಿ ಒಂಬತ್ತು ದಾಟುವವರೆಗೆ. ಫೈಲು, ಲೆಕ್ಕ, ಫೋನು, ಬಂದುಹೋಗುವವರು. ಇದರಿಂದ ಬೆಳಗಿನ ಹೊತ್ತು ಮಾತ್ರ ಅವರದಾಯಿತು. ದಿನಕ್ಕೆ ಒಂದೇ ಓಟ, ಹೆಚ್ಚೆಂದರೆ ಎರಡು ಗಂಟೆ. ಕಂಪನಿ ಓಟಗಾರರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವುದು ಮಾಮೂಲು. ಕವಾವುಚಿ ಓಡುತ್ತಿದ್ದದ್ದು 600ರ ಆಸುಪಾಸು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಅವರು ಮಾಡಿದ್ದು ಅಕ್ಷರಶಃ ಅದು. ಬುಧವಾರ ಟ್ರ್ಯಾಕ್ ಮೇಲೆ ವೇಗದ ಓಟ. ವಾರದ ಕೊನೆಯಲ್ಲಿ ಒಂದು ಉದ್ದದ ಓಟ ಅಥವಾ ರೇಸ್. ಉಳಿದ ದಿನಗಳಲ್ಲಿ ಜಾಗಿಂಗ್, ಅದೂ ರೇಸ್ ವೇಗಕ್ಕಿಂತ ಕಿಲೋಮೀಟರಿಗೆ ಒಂದೂವರೆ ನಿಮಿಷವಾದರೂ ನಿಧಾನ. ಈಗ ರೇಸ್‌ಗಳ ವಿಷಯ ನೋಡಿ. ಜೊತೆಗೆ ಓಡಲು ತಂಡ ಇಲ್ಲ. 30–40 ಕಿಲೋಮೀಟರ್ ಜೋರಾಗಿ ಓಡುವ ಅಭ್ಯಾಸ ಒಬ್ಬರೇ ಮಾಡುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ರಸ್ತೆ ಖಾಲಿ ಇರಬೇಕು, ನೀರು ಕೊಡಲು ಯಾರಾದರೂ ಬೇಕು, ಸೋತಾಗ ಎಳೆದುಕೊಂಡು ಹೋಗಲು ಮುಂದೆ ಒಂದು ಬೆನ್ನು ಬೇಕು. ಒಂದು ರೇಸ್‌ಗೆ ಹೆಸರು ಕೊಟ್ಟರೆ ಇದೆಲ್ಲ ತಯಾರಾಗಿ ಸಿಗುತ್ತದೆ. ಕಂಪನಿ ಓಟಗಾರರು ಶಿಬಿರದಲ್ಲಿ ಮಾಡುವ 40 ಕಿಲೋಮೀಟರ್ ಓಟವನ್ನು ಇವರು ನಂಬರ್ ಕಟ್ಟಿಕೊಂಡು ಮಾಡಿದರು. ಜನ ಅದನ್ನು 'ವಾರ ವಾರ ಮ್ಯಾರಥಾನ್ ಓಡುವ ಹುಚ್ಚು' ಅಂತ ನೋಡಿದರು. ಒಳಗೆ ನೋಡಿದರೆ ಅದು ತ್ಸುದಾ ಹೇಳಿಕೊಟ್ಟ ವಾರಕ್ಕೆ ಎರಡು ಜೋರು ದಿನಗಳಲ್ಲಿ ಎರಡನೆಯದು.

ಹೆಸರು ಬಂದದ್ದು 2011ರ ಫೆಬ್ರವರಿಯಲ್ಲಿ, ಟೋಕಿಯೋ ಮ್ಯಾರಥಾನ್‌ನಲ್ಲಿ. 2 ಗಂಟೆ 8 ನಿಮಿಷ 37 ಸೆಕೆಂಡ್, ಒಟ್ಟಾರೆ ಮೂರನೇ ಸ್ಥಾನ, ಜಪಾನಿನವರಲ್ಲಿ ಮೊದಲಿಗ. ಕಂಪನಿ ಓಟಗಾರರೆಲ್ಲ ಹಿಂದೆ. ಗೆರೆ ದಾಟಿದವರೇ ಕುಸಿದರು, ಎತ್ತಿಕೊಂಡು ಹೋಗಬೇಕಾಯಿತು. ಅವರ ಹಳೆಯ ರೇಸ್‌ಗಳ ವಿಡಿಯೋ ಸಿಕ್ಕಿದರೆ ಕೊನೆಯ ಎರಡು ಕಿಲೋಮೀಟರ್ ನೋಡಿ. ತಲೆ ಒಂದು ಕಡೆ ವಾಲಿರುತ್ತದೆ, ಬಾಯಿ ತೆರೆದು ಹಲ್ಲು ಕಾಣುತ್ತಿರುತ್ತವೆ, ಇನ್ನು ಹತ್ತು ಹೆಜ್ಜೆಗೆ ಬಿದ್ದುಬಿಡುತ್ತಾರೆ ಅನ್ನಿಸುತ್ತದೆ. ಆದರೆ ಕಾಲುಗಳನ್ನು ಗಮನಿಸಿ. ಲಯ ಒಂಚೂರೂ ಬದಲಾಗಿರುವುದಿಲ್ಲ. ನಾನು ಕೋಚ್ ಆಗಿ ಆ ದೃಶ್ಯವನ್ನು ಎಷ್ಟೋ ಸಲ ನನ್ನ ಓಟಗಾರರಿಗೆ ತೋರಿಸಿದ್ದೇನೆ. ಮುಖ ನೋಡಬೇಡಿ, ಸೊಂಟದಿಂದ ಕೆಳಗೆ ನೋಡಿ ಅಂತ ಹೇಳುತ್ತೇನೆ.

ಆಮೇಲೆ ಪತ್ರಿಕೆಗಳು ಅವರನ್ನು 'ನಾಗರಿಕ ಓಟಗಾರ' ಅಂತ ಕರೆಯತೊಡಗಿದವು. ಜಪಾನಿ ಭಾಷೆಯಲ್ಲಿ 'ಶಿಮಿನ್ ರನ್ನಾ'. ನಮ್ಮ ನಿಮ್ಮಂಥ ಸಾಮಾನ್ಯ ಓಟಗಾರ ಅನ್ನುವ ಅರ್ಥ. ಆ ಹೆಸರಿನ ಭಾರ ದೊಡ್ಡದಾಗಿತ್ತು. 2012ರ ಲಂಡನ್ ಒಲಿಂಪಿಕ್ಸ್‌ಗೆ ಮೂವರ ಆಯ್ಕೆ. ಕವಾವುಚಿ 2011ರ ಡಿಸೆಂಬರಿನಲ್ಲಿ ಫುಕುವೋಕಾದಲ್ಲಿ 2:09:57 ಓಡಿ ಮೂರನೆಯವರಾದರು, ಜಪಾನಿನವರಲ್ಲಿ ಮತ್ತೆ ಮೊದಲಿಗ. ಅಷ್ಟಕ್ಕೇ ಸುಮ್ಮನಿದ್ದರೆ ಆಯ್ಕೆಯ ಸಾಧ್ಯತೆ ಇತ್ತು. ಆ ಟೈಮ್ ಸಾಲದು ಅಂತ ತಾವೇ ತೀರ್ಮಾನಿಸಿ 2012ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಮತ್ತೆ ಓಡಿದರು. ನೀರಿನ ಬಾಟಲಿಗಳು ಕೈತಪ್ಪಿದವು, 14ನೇ ಸ್ಥಾನ, 2:12:51. ಅದೇ ರೇಸ್‌ನಲ್ಲಿ ಅರಾತಾ ಫುಜಿವಾರಾ 2:07:48ಕ್ಕೆ ಎರಡನೆಯವರಾಗಿ ಒಲಿಂಪಿಕ್ಸ್‌ಗೆ ಹೋದರು. ಕವಾವುಚಿ ತಲೆ ಬೋಳಿಸಿಕೊಂಡು ಕ್ಯಾಮೆರಾಗಳ ಮುಂದೆ ಬಂದರು. ಬೆಂಬಲಿಸಿದವರ ಕ್ಷಮೆ ಕೇಳುವ ರೀತಿ ಅದು. ಆ ಫೋಟೋ ನೋಡಿದರೆ ನನಗೆ ಇವತ್ತಿಗೂ ಕಷ್ಟವಾಗುತ್ತದೆ. ಯಾರಿಗೂ ಏನೂ ಬಾಕಿ ಇರಲಿಲ್ಲ ಆ ಮನುಷ್ಯ. ತನ್ನ ದುಡ್ಡಲ್ಲಿ, ತನ್ನ ರಜೆಯಲ್ಲಿ ಓಡಿದವರು.

ಆದರೆ ಮುಂದಿನ ವರ್ಷ ನೋಡಿ. 2013ರಲ್ಲಿ ಅವರು ಓಡಿದ್ದು 11 ಮ್ಯಾರಥಾನ್. ಜನವರಿಯಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ 2:12:24, ಆ ರೇಸ್‌ನ ದಾಖಲೆ. ಹೋಗುವಾಗ ಪಾಸ್‌ಪೋರ್ಟ್ ಮನೆಯಲ್ಲೇ ಮರೆತು ವಿಮಾನ ತಪ್ಪಿಸಿಕೊಂಡು, ಸ್ವಂತ ಖರ್ಚಿನಲ್ಲಿ ಇನ್ನೊಂದು ಟಿಕೆಟ್ ಕೊಂಡು ಹೋಗಿ ಗೆದ್ದರು. ಎರಡು ವಾರ ಕಳೆದು ಫೆಬ್ರವರಿ 3ಕ್ಕೆ ಬೆಪ್ಪು–ಓಯಿತಾ ಮ್ಯಾರಥಾನ್. ಅಲ್ಲಿ ಎದುರಾಳಿ ಕೆಂತಾರೋ ನಕಾಮೋತೋ, ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾಗಿ ಬಂದವರು. ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಓಡಿ, ಕೊನೆಗೆ ಕವಾವುಚಿ 2:08:15ಕ್ಕೆ ಗೆದ್ದರು. ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2:08:14. ಡಿಸೆಂಬರ್ 1ಕ್ಕೆ ಫುಕುವೋಕಾದಲ್ಲಿ 2:09:05. ಇನ್ನೆರಡು ವಾರಕ್ಕೆ ಹೋಫುವಿನಲ್ಲಿ 2:09:15. ಒಂದೇ ವರ್ಷದಲ್ಲಿ ನಾಲ್ಕು ಸಲ 2:10ರ ಒಳಗೆ, ಅದರಲ್ಲಿ ಎರಡು ಹದಿನಾಲ್ಕು ದಿನಗಳ ಅಂತರದಲ್ಲಿ! ಮ್ಯಾರಥಾನ್ ಓಡಿದ ಮೇಲೆ ಆರು ತಿಂಗಳು ಬಿಟ್ಟೇ ಇನ್ನೊಂದು ಓಡಬೇಕು ಅಂತ ಕಲಿಸುತ್ತಿದ್ದವರೆಲ್ಲ ಒಮ್ಮೆ ತಲೆ ಕೆರೆದುಕೊಂಡ ವರ್ಷ ಅದು.

ಜಪಾನ್ ಜರ್ಸಿ ಹಾಕಿಕೊಂಡಾಗ ಮಾತ್ರ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. 2011ರ ಡೇಗು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 18ನೇ ಸ್ಥಾನ, 2013ರ ಮಾಸ್ಕೋದಲ್ಲೂ 18. ಎರಡೂ ಆಗಸ್ಟ್–ಸೆಪ್ಟೆಂಬರಿನ ಸೆಕೆಯಲ್ಲಿ. 2014ರ ಇಂಚಿಯೋನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು, ಚಿನ್ನಕ್ಕೂ ಅವರಿಗೂ ಇದ್ದ ಅಂತರ ನಾಲ್ಕೇ ಸೆಕೆಂಡ್. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 9ನೇ ಸ್ಥಾನ, ಎಂಟನೆಯವರಿಗಿಂತ ಮೂರು ಸೆಕೆಂಡ್ ಹಿಂದೆ. ಅದಾದ ಮೇಲೆ, ನನಗೆ ಸೆಕೆ ಆಗಿಬರುವುದಿಲ್ಲ, 2020ರ ಟೋಕಿಯೋ ಬೇಸಿಗೆಯ ಒಲಿಂಪಿಕ್ಸ್ ನನ್ನ ಓಟವಲ್ಲ ಅನ್ನುವ ಅರ್ಥದಲ್ಲಿ ಬಹಿರಂಗವಾಗಿಯೇ ಹೇಳಿದರು. ತನ್ನ ದೇಹಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಓಟಗಾರರು ಕಡಿಮೆ. ಮನೆಯಂಗಳದ ಒಲಿಂಪಿಕ್ಸ್ ಅಲ್ವಾ ಅದು!

ಈಗ ಬಾಸ್ಟನ್.

2018ರ ಹೊಸ ವರ್ಷದ ದಿನ ಅವರು ಬಾಸ್ಟನ್‌ನಿಂದ ಹೆಚ್ಚು ದೂರವಿಲ್ಲದ ಮಾರ್ಷ್‌ಫೀಲ್ಡ್ ಅನ್ನುವ ಊರಲ್ಲಿ, ಮೂಗು ಮರಗಟ್ಟುವ ಚಳಿಯಲ್ಲಿ, 2:18:59ಕ್ಕೆ ಮ್ಯಾರಥಾನ್ ಮುಗಿಸಿದರು. ಬಾಸ್ಟನ್ ದಾರಿಯನ್ನೂ ನೋಡಿಕೊಂಡು ಬಂದರು. ಆಮೇಲೆ ಬಾಸ್ಟನ್‌ಗೆ ಕೆಲವೇ ವಾರ ಇರುವಾಗ ತಮ್ಮ ಊರು ಕುಕಿಯಲ್ಲಿ ಪಾಂಡಾ ವೇಷ ಹಾಕಿಕೊಂಡು ಹಾಫ್ ಮ್ಯಾರಥಾನ್ ಓಡಿದರು, 1 ಗಂಟೆ 10 ನಿಮಿಷಕ್ಕೆ. ಊರಿನ ಮಕ್ಕಳಿಗೆ ಖುಷಿಯಾಗಲಿ ಅಂತ ಇಂಥದ್ದನ್ನು ಮಾಡುತ್ತಿದ್ದರು. 2016ರಲ್ಲಿ ಅದೇ ಓಟವನ್ನು ಕೋಟು, ಟೈ ಕಟ್ಟಿಕೊಂಡು 1:06:42ಕ್ಕೆ ಓಡಿದ್ದರು.

ಏಪ್ರಿಲ್ 16ರ ಬೆಳಿಗ್ಗೆ ಬಾಸ್ಟನ್‌ನಲ್ಲಿ ಉಷ್ಣಾಂಶ 3 ಡಿಗ್ರಿಯ ಹತ್ತಿರ. ಮಳೆ ಅಂದರೆ ಹನಿಯುವ ಮಳೆಯಲ್ಲ, ಬಕೆಟ್ಟಿನಲ್ಲಿ ಎರಚುವಂಥದ್ದು. ಅದರ ಜೊತೆ ಎದುರುಗಾಳಿ. ಮೊದಲ ಸಾಲಿನ ಓಟಗಾರರೇ ಜಾಕೆಟ್ ಬಿಚ್ಚದೆ ಓಡಿದರು. ಬಾಸ್ಟನ್‌ನಲ್ಲಿ ವೇಗ ಹಿಡಿದುಕೊಡುವ ಪೇಸರ್‌ಗಳು ಇರುವುದಿಲ್ಲ. ಓಟ ಶುರುವಾಗುವ ಹಾಪ್ಕಿಂಟನ್ ಊರಿನಿಂದ ಮೊದಲ ದಾರಿ ಇಳಿಜಾರು. ಬೆಟ್ಟ ಇಳಿಯುವುದರಲ್ಲಿ ಪಳಗಿದ ಕವಾವುಚಿ ಮೊದಲ ಮೈಲಿಯನ್ನೇ 4 ನಿಮಿಷ 37 ಸೆಕೆಂಡಿಗೆ ಮುಗಿಸಿ ಒಬ್ಬರೇ ಮುಂದೆ ಹೋಗಿಬಿಟ್ಟರು. ನೋಡುತ್ತಿದ್ದವರಿಗೆಲ್ಲ, ನನಗೂ ಸೇರಿ, ಮುಗಿಯಿತು ಇವರ ಕಥೆ ಅನ್ನಿಸಿತ್ತು. ಗುಂಪು ಬಂದು ಹಿಡಿಯಿತು. ಅವರು ಮತ್ತೆ ಎಳೆದರು. ಮತ್ತೆ ಹಿಡಿದರು. ಮತ್ತೆ ಎಳೆದರು. ಆ ಚಳಿಯಲ್ಲಿ ಒಂದೇ ವೇಗದಲ್ಲಿ, ಒಬ್ಬರ ಬೆನ್ನಿಗೆ ಒಬ್ಬರು ಬೆಚ್ಚಗೆ ಸೇರಿಕೊಂಡು ಓಡಬೇಕು ಅಂತಿದ್ದವರಿಗೆ ಇದು ನೆಮ್ಮದಿ ಕೊಡಲಿಲ್ಲ. ಒಬ್ಬೊಬ್ಬರಾಗಿ ಕಳಚಿಕೊಂಡರು. ರೇಸ್ ಬಿಟ್ಟು ಹೋದ ದೊಡ್ಡ ಹೆಸರುಗಳು ಕಡಿಮೆಯೇನಲ್ಲ.

ಆದರೂ ದಾರಿಯಲ್ಲಿ ಸಿಗುವ ನ್ಯೂಟನ್ ಅನ್ನುವ ಊರಿನ ಏರುಗಳು ಬರುವ ಹೊತ್ತಿಗೆ ಕೀನ್ಯಾದ ಜೆಫ್ರಿ ಕಿರುಯಿ ದೂರ ಹೋಗಿಬಿಟ್ಟಿದ್ದರು. ಹಿಂದಿನ ವರ್ಷ ಬಾಸ್ಟನ್ ಗೆದ್ದವರು, ವಿಶ್ವ ಚಾಂಪಿಯನ್ ಕೂಡ. ಒಂದು ನಿಮಿಷಕ್ಕಿಂತ ಜಾಸ್ತಿ ಅಂತರ. ಟಿವಿಯವರು ಗೆದ್ದವರು ಇವರೇ ಅನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದರು. ಕೊನೆಯ ಮೈಲಿಗಳಲ್ಲಿ ಕಿರುಯಿ ಅವರ ಒದ್ದೆ ಜಾಕೆಟ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಹೆಜ್ಜೆ ಚಿಕ್ಕದಾಗುತ್ತಾ ಬಂತು, ದೇಹ ಸೆಟೆದುಕೊಂಡಿತು. ಹಿಂದಿನಿಂದ ತೆಳುವಾದ ಬನಿಯನ್ ಹಾಕಿಕೊಂಡ ಒಬ್ಬ ಮನುಷ್ಯ, ತಲೆ ವಾಲಿಸಿಕೊಂಡು, ಅದೇ ಹಳೆಯ ಲಯದಲ್ಲಿ ಬಂದರು, ಪಕ್ಕದಲ್ಲಿ ಹಾದರು, ಹೋದರು. 40 ಕಿಲೋಮೀಟರ್ ಆಸುಪಾಸು ಅದು. 2:15:58. ಕಿರುಯಿ ಬಂದದ್ದು 2:18:23ಕ್ಕೆ. ಜಪಾನಿಗೆ ಬಾಸ್ಟನ್ ಗೆಲುವು ಸಿಕ್ಕಿ 31 ವರ್ಷವಾಗಿತ್ತು. ಹಿಂದಿನ ಸಲ ತೋಶಿಹಿಕೋ ಸೆಕೋ 1987ರ ಏಪ್ರಿಲ್‌ನಲ್ಲಿ ಗೆದ್ದಾಗ ಕವಾವುಚಿ ಒಂದೂವರೆ ತಿಂಗಳ ಕೂಸು.

ಗೆದ್ದ ಮೇಲೆ, ನನಗೆ ಇದಕ್ಕಿಂತ ಒಳ್ಳೆಯ ಹವಾಮಾನ ಸಿಗುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಜನ ಅದನ್ನು ವಿನಯ ಅಂದುಕೊಂಡರು. ಅದು ಲೆಕ್ಕ. ಗಾಳಿ ಬಂದಾಗ ತೂರಿಕೊಳ್ಳುವುದು ಅಂತೀವಲ್ಲ, ಅಂಥ ಗಾಳಿಗೆ ಏಳು ವರ್ಷ ಮೊದಲೇ ಮೊರ ಹಿಡಿದು ನಿಂತಿದ್ದರು. ಮಳೆ, ಹಿಮ, ಬಿಸಿಲು, ಸಣ್ಣ ಊರಿನ ರೇಸ್, ದೊಡ್ಡ ನಗರದ ರೇಸ್, ನಿದ್ದೆ ಕೆಟ್ಟ ವಿಮಾನ ಪ್ರಯಾಣ, ಎಲ್ಲದರಲ್ಲೂ ಓಡಿದ್ದರು. ವರ್ಷಕ್ಕೆ ಎರಡೇ ರೇಸ್ ಓಡುವವನಿಗೆ ಹಾಳಾದ ಹವಾಮಾನ ಅಂದರೆ ಆರು ತಿಂಗಳ ತಯಾರಿ ನೀರುಪಾಲು. ಇವರಿಗೆ ಅದು ಇನ್ನೊಂದು ಸೋಮವಾರ.

ಬಹುಮಾನದ ಹಣ ಒಂದೂವರೆ ಲಕ್ಷ ಡಾಲರ್. ಸರ್ಕಾರಿ ನೌಕರರಾದ್ದರಿಂದ ಅಲ್ಲಿಯವರೆಗೆ ಪ್ರಾಯೋಜಕರ ಹಣವನ್ನಾಗಲಿ, ಆಹ್ವಾನದ ಹಣವನ್ನಾಗಲಿ ಅವರು ಪಡೆಯುವಂತಿರಲಿಲ್ಲ. ಊರಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲೇ ತಿಳಿಸಿದರು, ಮುಂದಿನ ವರ್ಷ ಕೆಲಸ ಬಿಡುತ್ತೇನೆ ಅಂತ. ಐದು ವರ್ಷದಿಂದ ತಮ್ಮ ಅತ್ಯುತ್ತಮ ಟೈಮ್ ಬದಲಾಗಿಲ್ಲ, ಸನ್ನಿವೇಶ ಬದಲಿಸಿ ನೋಡಬೇಕು ಅನ್ನುವುದು ಅವರು ಕೊಟ್ಟ ಕಾರಣ. 2019ರ ಏಪ್ರಿಲ್‌ನಿಂದ ಅವರು ವೃತ್ತಿಪರ ಓಟಗಾರ.

ಕೆಲಸ ಬಿಟ್ಟ ಕೂಡಲೇ ವೇಗ ಬಂತಾ ಅಂದರೆ, ಇಲ್ಲ. 2019ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 29ನೇ ಸ್ಥಾನ. ಇದು ಕೆಲಸ ಬಿಟ್ಟು ಓಡಬೇಕು ಅಂತ ಕನಸು ಕಾಣುವವರೆಲ್ಲ ಗಮನಿಸಬೇಕಾದ ವಿಷಯ. ಸಮಯ ಜಾಸ್ತಿ ಸಿಕ್ಕಿದ್ದನ್ನು ದೇಹ ಅರಗಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. 2021ರ ಫೆಬ್ರವರಿ 28ರಂದು ಬಿವಾ ಸರೋವರದ ದಂಡೆಯಲ್ಲಿ ಓಡಿದ ಮ್ಯಾರಥಾನ್‌ನಲ್ಲಿ 2:07:27 ಬಂತು. ಎಂಟು ವರ್ಷದ ಹಿಂದಿನ ತಮ್ಮದೇ ಟೈಮ್ 47 ಸೆಕೆಂಡಿನಷ್ಟು ಇಳಿಯಿತು, 34 ತುಂಬಲು ಒಂದು ವಾರ ಇರುವಾಗ. ಅದೇ ರೇಸ್‌ನಲ್ಲಿ ಕೆಂಗೋ ಸುಜುಕಿ 2:04:56 ಓಡಿ ಜಪಾನ್ ದಾಖಲೆ ಮಾಡಿದರು, ಹಾಗಾಗಿ ಕವಾವುಚಿ ಸುದ್ದಿಯ ಮೂಲೆಗೆ ಹೋದರು. ಅದಕ್ಕೆ ಎರಡು ತಿಂಗಳ ಮೊದಲು, 2020ರ ಡಿಸೆಂಬರಿನಲ್ಲಿ, ಹೋಫುವಿನಲ್ಲಿ 2:20ರ ಒಳಗಿನ ತಮ್ಮ ನೂರನೇ ಮ್ಯಾರಥಾನ್ ಮುಗಿಸಿದ್ದರು. ನೂರು! ಒಂದೊಂದೂ ಕಿಲೋಮೀಟರಿಗೆ 3 ನಿಮಿಷ 19 ಸೆಕೆಂಡಿಗಿಂತ ವೇಗ.

2023ರ ಅಕ್ಟೋಬರ್ 15ರದ್ದನ್ನೂ ಹೇಳದೆ ಇರಲಾರೆ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಜಪಾನಿನ ಆಯ್ಕೆ ಓಟ, ಟೋಕಿಯೋದಲ್ಲಿ. ಚಳಿ, ಮಳೆ. 36 ವರ್ಷದ ಕವಾವುಚಿ ಮೊದಲ ಹೆಜ್ಜೆಯಿಂದಲೇ ಒಬ್ಬರೇ ಮುಂದೆ ಹೋಗಿ, 35 ಕಿಲೋಮೀಟರ್ ತನಕ ಯಾರಿಗೂ ಸಿಗಲಿಲ್ಲ. ಕೊನೆಗೆ ಹಿಡಿದರು. ಹಿಡಿದ ಮೇಲೂ ಬೀಳದೆ ಜೊತೆಗೇ ಹೋರಾಡಿ 2:09:18ಕ್ಕೆ ನಾಲ್ಕನೆಯವರಾದರು. ಒಲಿಂಪಿಕ್ಸ್‌ಗೆ ನೇರವಾಗಿ ಹೋದ ಎರಡನೇ ಸ್ಥಾನದ ಅಕಿರಾ ಅಕಾಸಾಕಿಗಿಂತ ಹನ್ನೆರಡೇ ಸೆಕೆಂಡ್ ಹಿಂದೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ.

ಕವಾವುಚಿ ತರಬೇತಿಗಾಗಿ ಒಂದು ಮ್ಯಾರಥಾನ್ ಓಡಿದರೆ ರಸ್ತೆಯ ಮೇಲೆ ಇರುವುದು 2 ಗಂಟೆ 15 ನಿಮಿಷ. ನೀವು ಇರುವುದು 4 ಗಂಟೆ 20. ಅವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ನಿಮ್ಮ ಮಂಡಿ, ಹಿಮ್ಮಡಿ, ಕಣಕಾಲು ಪೆಟ್ಟು ತಿನ್ನುತ್ತವೆ. ಸಮಯದ ಲೆಕ್ಕದಲ್ಲಿ ಅವರ ಮ್ಯಾರಥಾನ್ ನಿಮ್ಮ ಹಾಫ್ ಮ್ಯಾರಥಾನ್‌ಗೆ ಸಮ. ಮತ್ತೆ ಅದರ ಹಿಂದೆ ಚಿಕ್ಕಂದಿನಿಂದ ಓಡಿದ ಕಾಲುಗಳಿವೆ, ತಿಂಗಳಿಗೆ 600 ಕಿಲೋಮೀಟರ್ ಇದೆ. ನೀವು ಎಷ್ಟು ಓಡುತ್ತೀರಿ ಅಂತ ಬರೆದಿಲ್ಲ. 4:20 ಓಡುವವರು ಸಾಮಾನ್ಯವಾಗಿ ತಿಂಗಳಿಗೆ 120ರಿಂದ 160 ಓಡುತ್ತಾರೆ. ಅದರ ಮೇಲೆ ಒಂದು ಫುಲ್‌ನ 42 ಕಿಲೋಮೀಟರ್ ಹೇರಿದರೆ ತಿಂಗಳ ಕಾಲುಭಾಗ ಒಂದೇ ದಿನದಲ್ಲಿ ಮುಗಿಯುತ್ತದೆ. ಆಮೇಲೆ ಎರಡು ವಾರ ಸುಧಾರಿಸಿಕೊಳ್ಳಲು, ಒಂದು ವಾರ ಮುಂದಿನ ರೇಸ್‌ಗೆ ಕಡಿಮೆ ಮಾಡಲು. ತರಬೇತಿಗೆ ಉಳಿಯುವುದು ಒಂದು ವಾರ! ನಾನೇ ಒಂದು ವರ್ಷ ಹೀಗೆ ಆರು ಫುಲ್ ಓಡಿದ್ದೇನೆ. ಐದನೆಯದರಲ್ಲೇ ಮೊಣಕಾಲಿನ ಕೆಳಗೆ ಮೂಳೆ ನೋಯುತ್ತಿತ್ತು, ಆರನೆಯದನ್ನೂ ಓಡಿದೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ನಾಲ್ಕು ತಿಂಗಳು ಓಟವಿಲ್ಲ.

ಹಾಗಾದರೆ ಅವರಿಂದ ಏನು ತೆಗೆದುಕೊಳ್ಳಬೇಕು? ಎರಡು ಜೋರು ದಿನಗಳನ್ನು ತೆಗೆದುಕೊಳ್ಳಿ. ನಿಮ್ಮಂಥವರಲ್ಲಿ ನಾನು ದಿನಾ ನೋಡುವ ತಪ್ಪು ಇದೇ. ವಾರಕ್ಕೆ ಐದು ದಿನ ಓಡುತ್ತಾರೆ, ಐದೂ ದಿನ ಒಂದೇ ವೇಗ, ಸ್ವಲ್ಪ ಏದುಸಿರು ಬರುವಂಥದ್ದು. ವೇಗ ಕಲಿಯಲು ಅದು ನಿಧಾನವಾಯಿತು, ದೇಹ ಸುಧಾರಿಸಿಕೊಳ್ಳಲು ಜೋರಾಯಿತು. ನೀವು ಬುಧವಾರ ಜೋರಾಗಿ ಓಡಿ, ಉದಾಹರಣೆಗೆ ಒಂದೊಂದು ಕಿಲೋಮೀಟರ್‌ನ ಐದಾರು ತುಂಡು, 5 ನಿಮಿಷ 15 ಸೆಕೆಂಡಿನ ಆಸುಪಾಸು, ನಡುವೆ ಎರಡು ಮೂರು ನಿಮಿಷ ನಡಿಗೆ. ಭಾನುವಾರ ಉದ್ದದ ಓಟ. ಉಳಿದ ದಿನ ಕಿಲೋಮೀಟರಿಗೆ 7 ನಿಮಿಷ, ಬೇಕಾದರೆ ಇನ್ನೂ ನಿಧಾನ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಗುಂಪಿನವರು ಮುಂದೆ ಹೋದರೆ ಹೋಗಲಿ ಬಿಡಿ. 2:08 ಓಡಿದವರೇ ನಿಧಾನ ಓಡುತ್ತಿದ್ದರು, ಅಲ್ವಾ.

ರೇಸ್ ಅನ್ನು ತರಬೇತಿ ಮಾಡಿಕೊಳ್ಳುವ ಉಪಾಯವೂ ನಿಮಗೆ ಆಗುತ್ತದೆ, ದೂರ ಮಾತ್ರ ಇಳಿಸಿಕೊಳ್ಳಿ. ತಿಂಗಳಿಗೊಂದು 10ಕೆ, ಅಂದರೆ 10 ಕಿಲೋಮೀಟರ್ ರೇಸ್ ಓಡಿ, ಪೂರ್ತಿ ಜೋರಾಗಿ, ಆ ವಾರದ ಒಂದು ಜೋರು ದಿನದ ಬದಲಿಗೆ. ಆರು ಏಳು ವಾರಕ್ಕೊಂದು ಹಾಫ್. ಒಂದು ಹಾಫ್‌ನಲ್ಲಿ ಮೊದಲ 10 ಕಿಲೋಮೀಟರ್ ಸುಮ್ನೆ ಓಡಿ, ಉಳಿದದ್ದನ್ನು 5 ನಿಮಿಷ 40 ಸೆಕೆಂಡಿನ ವೇಗದಲ್ಲಿ ಮುಗಿಸಿ ನೋಡಿ. 4 ಗಂಟೆಗೆ ಬೇಕಾದ ವೇಗ ಅದೇ. ನೂಕುನುಗ್ಗಲಿನಲ್ಲಿ ಶುರು ಮಾಡುವುದು, ಓಡುತ್ತಲೇ ಲೋಟದಿಂದ ನೀರು ಕುಡಿಯುವುದು, ಬೆಳಿಗ್ಗೆ ಮೂರಕ್ಕೆ ಎದ್ದು ಹೊಟ್ಟೆ ಸರಿಮಾಡಿಕೊಳ್ಳುವುದು, ಇವೆಲ್ಲ ರೇಸ್ ಓಡಿಯೇ ಬರಬೇಕು. ಫುಲ್ ಮಾತ್ರ ವರ್ಷಕ್ಕೆ ಎರಡು ಸಾಕು.

ಇನ್ನೊಂದು, ನಿಮ್ಮ ಹವಾಮಾನ ಯಾವುದು ಅಂತ ಕಂಡುಕೊಳ್ಳಿ. ಬೆಂಗಳೂರಿನ ತಂಪಿನಲ್ಲಿ ತಯಾರಾಗಿ ಮುಂಬೈಗೆ ಹೋಗಿ, ಬಿಸಿಲೇರಿದ ಮೇಲೆ 30ನೇ ಕಿಲೋಮೀಟರಿನಲ್ಲಿ ಕೂತುಬಿಡುವವರನ್ನು ನಾನು ಪ್ರತಿ ಜನವರಿ ನೋಡುತ್ತೇನೆ. ನೀವು ಸೆಕೆಗೆ ಸೋಲುವವರಾದರೆ 4 ಗಂಟೆಯ ಪ್ರಯತ್ನವನ್ನು ಫೆಬ್ರವರಿಯ ದೆಹಲಿಯಂಥ ತಣ್ಣನೆಯ ಓಟಕ್ಕೆ ಇಟ್ಟುಕೊಳ್ಳಿ. ಮುಂಬೈ ಓಡಲೇಬೇಕು ಅಂತಿದ್ದರೆ ಅಲ್ಲಿ ಟೈಮ್ ಬೆನ್ನಟ್ಟಬೇಡಿ.

ನಾನು ಹೇಳಿದ ಈ ವಾರದ ಲೆಕ್ಕವನ್ನು ಹನ್ನೆರಡು ವಾರ ಮಾಡಿ, ಆಮೇಲೆ ಒಂದು ಹಾಫ್ ಓಡಿ. 1 ಗಂಟೆ 54 ನಿಮಿಷದ ಒಳಗೆ ಬಂದರೆ 4 ಗಂಟೆಗೆ ಕಾಲು ತಯಾರು ಅಂತ ತಿಳಿಯಿರಿ. 1:54 ದಾಟಿದರೆ ಇನ್ನೊಂದು ಹನ್ನೆರಡು ವಾರ ಅದನ್ನೇ ಮುಂದುವರಿಸಿ, ಭಾನುವಾರದ ಓಟವನ್ನು ಮಾತ್ರ ನಿಧಾನಕ್ಕೆ 30 ಕಿಲೋಮೀಟರ್ ತನಕ ಬೆಳೆಸಿ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ನೋವಾದರೆ ಆ ದಿನವೇ ಓಟ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ.